ಆಸ್ಪತ್ರೆಗೆ ಕೊಟ್ಟ ಹತ್ತು ಗುಂಟೆ

ನಮ್ಮ ಯಜಮಾನರು ಹೋಗಿ ಜೆಸಿಬಿಗೆ ಅಡ್ಡ ನಿಂತದ್ದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಹಳ್ಳಿಮೈಸೂರಿನ ಆಚೆಗಿರುವ ನಮ್ಮೂರಿನಲ್ಲಿ ಒಂದು ಪುಟ್ಟ ಆಸ್ಪತ್ರೆ ಕಟ್ಟಿಸಿಕೊಡಲು ಹಾಸನದ ಟ್ರಸ್ಟಿನವರು ಒಪ್ಪಿದ್ದರು. ಜಾಗ ಮಾತ್ರ ಊರಿನವರೇ ಕೊಡಬೇಕು. ರಸ್ತೆ ಪಕ್ಕದ ನಮ್ಮ ಹತ್ತು ಗುಂಟೆ ಕೊಡೋಣವೆಂದು ನಾನು ಒಂದು ವರ್ಷ ಇವರ ತಲೆ ತಿಂದಿದ್ದೆ. ಕೊನೆಗೆ ಹೂಂ ಅಂದಿದ್ದರು. ಅವತ್ತು ಪಾಯ ತೆಗೆಯುವ ದಿನ. ಬೆಳಿಗ್ಗೆ ಪೂಜೆಯಲ್ಲಿ ಕಾಯಿ ಒಡೆದದ್ದೂ ಇವರೇ.

ನನಗೆ ಆ ಆಸ್ಪತ್ರೆ ಬೇಕೇ ಬೇಕಿತ್ತು. ನನ್ನ ಮೊದಲ ಮಗಳು ಮೂರು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ, ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಿರುವಾಗಲೇ ನನ್ನ ಮಡಿಲಲ್ಲಿ ತಣ್ಣಗಾದಳು. ಇವರೂ ಈಗಿಲ್ಲದ ನಮ್ಮ ಮಾವನವರೂ ಎತ್ತಿಕೊಂಡು ಹೋಗಿ ಎಲ್ಲೋ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಹೆತ್ತವಳಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಅನ್ನುತ್ತಾರೆ. ನಾನೂ ಕೇಳಲಿಲ್ಲ. ಆಮೇಲೆ ಎರಡು ಗಂಡುಮಕ್ಕಳಾದವು. ಆ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಎಂಜಿನಿಯರ್ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದ್ದರು. ಮುಂದುಗಡೆಯ ಪಾಯ ಮುಗಿದು, ಹಿಂದುಗಡೆ ಬದುವಿನ ಹತ್ತಿರ ಪಾಯಿಖಾನೆ ಗುಂಡಿಗೆಂದು ಡ್ರೈವರ್ ಬಕೆಟ್ ಎತ್ತಿದ. ಆಗ ಇವರು ಓಡಿಹೋಗಿ ನಿಂತರು.

“ಇಲ್ಲಿ ಬ್ಯಾಡ ಸಾ. ಆ ಕಡೀಕೆ ತೆಗೀರಿ.”

“ಪ್ಲಾನಲ್ಲಿ ಇಲ್ಲೇ ಇರೋದು ಯಜಮಾನ್ರೇ,” ಎಂದರು ಎಂಜಿನಿಯರ್.

“ಬ್ಯಾಡ ಅಂದ್ರೆ ಬ್ಯಾಡ. ಈ ಮೂಲೆ ಸರಿಯಿಲ್ಲ.”

ನಿಂತಿದ್ದ ಜನರಲ್ಲಿ ಗುಸುಗುಸು ಶುರುವಾಯಿತು. “ಕೊಟ್ಬುಟ್ಟು ಈಗ ಹೊಟ್ಟೆ ಉರೀತಾ ಐತೆ ಕಣ್ಲಾ,” ಎಂದು ಯಾರೋ ನಕ್ಕರು. ಟ್ರಸ್ಟಿನ ಮೇಡಂ ಗಡಿಯಾರ ನೋಡಿಕೊಂಡರು. “ನಮಗೆ ತಕರಾರಿನ ಜಾಗ ಬೇಡಮ್ಮ. ಹಳೇಕೋಟೆ ಕಡೆಯವರು ಜಾಗ ಕೊಡೋಕೆ ತುದಿಗಾಲಲ್ಲಿ ನಿಂತಿದ್ದಾರೆ,” ಎಂದವರೇ ಕಾರಿನತ್ತ ಹೊರಟರು.

ನಾನು ಹೋಗಿ ಇವರ ರಟ್ಟೆ ಹಿಡಿದು ಎಳೆದೆ. “ಏನು ಬಂದಿರೋದು ನಿಮ್ಗೆ? ಊರೋರ ಮುಂದೆ ಮಾನ ಕಳೀಬ್ಯಾಡಿ, ಈಚೆ ಬನ್ನಿ!” ಆಸಾಮಿ ಅಲುಗಲಿಲ್ಲ. ಬಕೆಟ್ಟಿನ ಹಲ್ಲುಗಳು ಇವರ ತಲೆಯಿಂದ ಒಂದು ಮೊಳ ದೂರದಲ್ಲಿದ್ದವು. ಅತ್ತ ಕಾರಿನ ಬಾಗಿಲು ತೆರೆದ ಸದ್ದು ಕೇಳಿತು. ಆಡಬಾರದ್ದನ್ನು ಆಡಿಬಿಟ್ಟೆ: “ಮಗೀನ ಗ್ಯಾನ ಒಸಿ ಇದ್ದಿದ್ರೂ ನೀವು ಇಂಗೆ ಅಡ್ಡ ನಿಂತ್ಕತಿರ್ಲಿಲ್ಲ!”

ಇವರು ನನ್ನ ಮುಖ ನೋಡಿದರು. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: “ಅದು ಮಲಗಿರಾದು ಇಲ್ಲೇ ಕಣೆ. ಕಟ್ಟಡ ಮುಂದ್ಕೆ ಬತ್ತದೆ, ಈ ಕಡೆ ಕಾಲಿ ಬಿಡ್ತಾರೆ ಅನ್ಕಂಡಿದ್ದೆ.”

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅಯ್ಯೋ ಶಿವನೇ, ಅದೇ ಜಾಗದಲ್ಲಿ ಎಷ್ಟು ಸಲ ಬುತ್ತಿ ಬಿಚ್ಚಿ ಉಂಡಿದ್ದೇನೆ, ಎಲೆಅಡಿಕೆ ಉಗಿದಿದ್ದೇನೆ! ಎಲ್ಲ ನೋಡುತ್ತ ಈ ಮನುಷ್ಯ ತುಟಿಪಿಟಿಕ್ಕೆನ್ನಲಿಲ್ಲ. ಆದರೆ ಜಗಳಕ್ಕೆ ಅದು ಹೊತ್ತಲ್ಲ. ಮಣ್ಣು ಮಾಡಿದ ಜಾಗವೆಂದು ಊರಿಗೆ ಗೊತ್ತಾದರೆ ಆಸ್ಪತ್ರೆಯ ಕಥೆ ಮುಗಿಯಿತು. ಗೊತ್ತಾಗದಿದ್ದರೆ ಮಗಳ ಮೂಳೆ ಬಕೆಟ್ಟಿಗೆ ಬರುತ್ತದೆ, ಅವಳು ಮಲಗಿದ್ದಲ್ಲಿ ಪಾಯಿಖಾನೆ ಗುಂಡಿ!

ಸೆರಗು ಸಿಕ್ಕಿಸಿಕೊಂಡು ಕಾರಿನತ್ತ ಓಡಿದೆ. ಕಿಟಕಿಯೊಳಗೆ ತಲೆ ಹಾಕಿ ಮೇಡಂ ಕಿವಿಯಲ್ಲಿ ಹೇಳಿದೆ. ಆಕೆ ಒಂದು ಗಳಿಗೆ ನನ್ನ ಕೈ ಹಿಡಿದು ಕೂತರು. ಆಮೇಲೆ ಇಳಿದು ಎಂಜಿನಿಯರ್ ಹತ್ತಿರ ಏನೋ ಮಾತಾಡಿದರು. ಎಂಜಿನಿಯರ್ ಜನರ ಕಡೆ ತಿರುಗಿ, “ಇಲ್ಲಿ ಕೆಳಗೆ ಬಂಡೆ ಇರೋ ಹಂಗಿದೆ, ಗುಂಡಿ ಪಡುವಲಕ್ಕೆ ತೆಗೀಬೇಕು,” ಎಂದು ಕೂಗಿ, ಹೊಸ ಗೆರೆ ಎಳೆಸಿದರು. ಬಂಡೆಯಂತೆ! ಯಾರೂ ಎದುರಾಡಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಬದುವಿನ ಹತ್ತಿರ ನಿಂತಿದ್ದೆವು. ಕಲ್ಲಿಲ್ಲ, ಗಿಡವಿಲ್ಲ, ಎತ್ತ ನೋಡಿದರೂ ಒಂದೇ ಮಣ್ಣು. ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ. “ಇಷ್ಟು ವರ್ಸ ಆದ್ಮೇಲೆ ಇಲ್ಲೇ ಅಂತ ಅದೆಂಗೆ ಯೋಳ್ತೀರಿ?” ಎಂದು ಕೇಳಿದೆ.

“ಅವತ್ತಿಂದ ಒಂದಿನಾನೂ ಅದರ ಮ್ಯಾಲೆ ಕಾಲಿಕ್ಕಿಲ್ಲ. ಬಳಸ್ಕಂಡೇ ಓಯ್ತಿವ್ನಿ,” ಎಂದರು. ಆಮೇಲೆ ನನ್ನ ಕಾಲಿನ ಕಡೆ ನೋಡಿ, “ಒಸಿ ಈಚೀಕೆ ಬಾ. ಅದು ತಲೆ ಕಡೆ,” ಎಂದರು.

ನಾನು ಈಚೆಗೆ ಬಂದೆ.