ನಡುವಿನಿಂದ ಹೊಲಿದ ಕೌದಿ

ಬಸವಕಲ್ಯಾಣದ ಅಕ್ಕ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಅವಳು ಹೊಲಿದ ಒಂದು ಕೌದಿ. ಅವ್ವನ ಸೀರೆಗಳ ತುಂಡುಗಳ ಜೊತೆ ಅದರಲ್ಲಿ ನನ್ನ ಕಾನ್ವೆಂಟಿನ ನೇವಿ ಬ್ಲೂ ಸ್ಕರ್ಟೂ ಇತ್ತು. ಆ ಸ್ಕರ್ಟು ತೊಟ್ಟು ನಾನು ಇಂಗ್ಲಿಷ್ ಪೊಯೆಟ್ರಿ ಬಾಯಿಪಾಠ ಮಾಡುವಾಗ ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರಲ್ಲಿ ಒಬ್ಬಳನ್ನಷ್ಟೇ ಓದಿಸಿದರು.

ಹೋದ ವರ್ಷ ಅಕ್ಕನ ಮೊಮ್ಮಗಳು ಹುಮನಾಬಾದಿನ ನನ್ನ ಮನೆಗೆ ಬಂದಳು. ತಾನೇ ಹಾಡಿದ ಹಾಡಿಗೆ ಮ್ಯೂಸಿಕ್ ವಿಡಿಯೋ ಮಾಡುವ ಹುಚ್ಚು ಅವಳಿಗೆ.

"ಅಜ್ಜಿ, ಕೌದಿ ತಾನೇ ತನ್ನ ಹೊಲಕೊಂಡಂಗ ಕಾಣಬೇಕು. ಸ್ಟಾಪ್ ಮೋಷನ್ ಅಂತಾರ. ಒಂದು ಫೋಟೋ ತಗಿ, ಚೂರು ಸರಸು, ಮತ್ತೊಂದು ಫೋಟೋ."

"ಹಂಗಾದ್ರ ಹೊಸಾದು ಹೊಲಿ."

"ನನಗ ಎಲ್ಲಿ ಬರ್ತದ? ನಿನಗ ಬರ್ತದೇನು?"

ನನಗೂ ಬರುತ್ತಿರಲಿಲ್ಲ. ಸಿಸ್ಟರ್‌ಗಳು ಕಾನ್ವೆಂಟಿನಲ್ಲಿ ಕಲಿಸಿದ್ದು ಕ್ರಾಸ್ ಸ್ಟಿಚ್, ಕರವಸ್ತ್ರದ ಮೂಲೆಗೊಂದು ಗುಲಾಬಿ.

"ಇದ್ದದ್ದನ್ನ ಬಿಚ್ಚೋಣ. ಬಿಚ್ಚಿದ್ದನ್ನ ಉಲ್ಟಾ ಓಡಿಸಿದ್ರ ಹೊಲದಂಗ ಕಾಣ್ತದ. ಆಮ್ಯಾಲ ಹೊಲಿಸಿ ಕೊಡ್ತೀನಿ, ಪ್ರಾಮಿಸ್."

ಯೆಸ್ ಅಂದೆ. ಅಕ್ಕನ ಹೊಲಿಗೆಯನ್ನು ಒಮ್ಮೆಯಾದರೂ ನಾಲ್ಕು ಜನ ನೋಡಲಿ ಎಂಬುದೊಂದೇ ಆಸೆ.

ಕೌದಿ ಹೊತ್ತು ಬಸವಕಲ್ಯಾಣದ ಅಕ್ಕನ ಮನೆಗೇ ಹೋದೆವು. ಅಲ್ಲಿನ ಮಾಳಿಗೆ ಕೋಣೆಯ ಕಿಟಕಿಗೆ ಅವಳು ಕಪ್ಪು ಬಟ್ಟೆ ಕಟ್ಟಿದಳು. ಬಿಸಿಲು ಸರಿದರೆ ಫೋಟೋದಿಂದ ಫೋಟೋಗೆ ಬೆಳಕು ಬದಲಾಗುತ್ತದಂತೆ. ಕತ್ತರಿ ಹಿಡಿದವಳು ನಾನೇ. ದಾರ ಎಳೆಯುವುದು ಸುಲಭವೆಂದು ಅಂಚಿನಿಂದ ಶುರು ಮಾಡಿದೆವು. ಒಂದು ಹೊಲಿಗೆ ಕತ್ತರಿಸುವುದು, ಕೈ ಹಿಂದಕ್ಕೆ, ಕ್ಲಿಕ್.

"ಅಜ್ಜಿ, ಕೈ! ಕೈ ಫ್ರೇಮಿನಾಗ ಬರಬಾರ್ದು!"

ಹೀಗೆ ಬೈಸಿಕೊಳ್ಳುತ್ತ ಐದು ದಿನ. ಕಡೆಯ ದಿನ ನಟ್ಟನಡುವಿನ ಚೌಕ ಬಿಚ್ಚಿದಾಗ ಒಳಗಿನಿಂದ ಗಟ್ಟಿಯಾದ ಕಂದು ಚೂರುಗಳು ಉದುರಿದವು. "ಎಂಥಾ ಕಸ ಇದು!" ಎಂದು ಹುಡುಗಿ ಊದಿದಳು. ಉಳಿದದ್ದನ್ನು ನಾನು ಸೆರಗಿನಿಂದ ಒರೆಸಿಕೊಟ್ಟೆ. ಫ್ರೇಮ್ ಕ್ಲೀನ್ ಆಯಿತು.

ವಿಡಿಯೋ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಚದುರಿದ ತುಂಡುಗಳು ಒಂದೊಂದಾಗಿ ತೆವಳಿ ಬಂದು ಕೂಡಿಕೊಳ್ಳುತ್ತಿದ್ದವು. ಕೆಳಗೆ ಹಾರ್ಟುಗಳು, "ಬ್ಯೂಟಿಫುಲ್" ಕಾಮೆಂಟುಗಳು. ಹೆಮ್ಮೆಯಿಂದ ಪಕ್ಕದ ಮನೆಯಾಕೆಗೆ ಫೋನು ತೋರಿಸಿದೆ. ಅವಳನ್ನು ನಾನು ಆಪಾ ಅನ್ನುತ್ತೇನೆ. ಓಣಿಗೆಲ್ಲ ಕೌದಿ ಹೊಲಿದುಕೊಡುವವಳು ಅವಳೇ.

"ಯಾರ್ ಹೊಲದಾರ್ರಿ ಟೀಚರಮ್ಮ ಇದನ್ನ?"

"ನಮ್ಮಕ್ಕ."

"ತೋಬಾ! ನಡುವಿನಿಂದ ಯಾವಾಕಿ ಹೊಲಿತಾಳ? ಅಂಚಿನಿಂದ ಸುತ್ತಕೋತ ಒಳಗ ಬರಬೇಕು. ಕಡೀಕ ನಡುವ ಗೇಣು ಜಾಗ ಬಿಟ್ಟು, ಅದರಾಗ ರೊಟ್ಟಿ ಚೂರು, ಬೆಲ್ಲ ಇಟ್ಟು ಮುಚ್ಚಬೇಕು. ಖಾಲಿ ಹೊಟ್ಟಿ ಕೌದಿ ಯಾರಿಗರೆ ಹೊಚ್ಚತಾರೇನ್ರಿ? ನಿಮ್ಮಕ್ಕಗ ಇಷ್ಟೂ ಗೊತ್ತಿದ್ದಿಲ್ಲೇನು?"

ಅಕ್ಕನಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನು. ನೋಡಲಿ ಎಂದುಕೊಂಡಿದ್ದ ಅವಳ ಹೊಲಿಗೆಯನ್ನು ಯಾರೂ ನೋಡಲಿಲ್ಲ. ನೋಡಿದ್ದು ನನ್ನ ಕತ್ತರಿಯನ್ನು, ತಿರುವುಮುರುವಾಗಿ. ಆದರೂ "ಅದು ಆರ್ಟ್, ಆಪಾ" ಅಂದೆ. ಅವಳು ನಕ್ಕಳು.

ಕೌದಿ ಒಂದು ಕ್ಯಾರಿಬ್ಯಾಗಿನಲ್ಲಿ ತುಂಡುಗಳಾಗಿ ವಾಪಸು ಬಂತು. ಪ್ರಾಮಿಸ್ ನೆನಪಿಸಿದೆ. "ಟೇಲರ್ ಕಡಿ ಕೊಡು ಅಜ್ಜಿ, ಮಷೀನ್ ಮ್ಯಾಲ ಹತ್ತು ಮಿನಿಟು" ಅಂದಳು ಮೊಮ್ಮಗಳು.

ಅದನ್ನು ಸರಿಯಾಗಿ ಹೊಲಿಯಬಲ್ಲವಳು ಆಪಾ ಒಬ್ಬಳೇ. ಅವಳ ಮುಂದೆ ಚೀಲ ಸುರಿದರೆ, ಕತ್ತರಿ ಬಿದ್ದ ದಾರ ಕಂಡ ಕೂಡಲೇ ಎಲ್ಲ ತಿಳಿದುಹೋಗುತ್ತದೆ. ಈಗ ಅವಳು ಸೊಸೆಗೆ ಕೌದಿ ಕಲಿಸುತ್ತಿದ್ದಾಳೆ. ಮಧ್ಯಾಹ್ನ ಗೋಡೆಯಾಚೆಯಿಂದ ಕೇಳಿಸುತ್ತದೆ:

"ಅಂಚಿನಿಂದ ಹಿಡಿ ಬೇಟಿ! ಟೀಚರಮ್ಮನ ಅಕ್ಕನಂಗ ನಡುವ ಸೂಜಿ ಚುಚ್ಚಬ್ಯಾಡ."

ಇಬ್ಬರೂ ನಗುತ್ತಾರೆ. ನಾನು ಟೀವಿಯ ವಾಲ್ಯೂಮ್ ಏರಿಸುತ್ತೇನೆ. ಚೀಲ ಅಲಮಾರಿಯ ಮೇಲಿದೆ.