ಗಂಡನ ಸಹಿ ಬೇಡದ ಅರ್ಜಿ

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯ ಬಂಗೂರನಗರದಲ್ಲಿ. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದರು, ಮನೆಯ ಊಟ ನಿದ್ದೆಯೆಲ್ಲ ಅವರ ಪಾಳಿಯ ಪ್ರಕಾರವೇ ನಡೆಯುತ್ತಿತ್ತು. ಹೀಗಾಗಿ ಮುಂಡಗೋಡದ ಹತ್ತಿರ ಚಿಗಳ್ಳಿ ಕಡೆಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಕೆಲಸ ಸಿಕ್ಕಾಗ ನನಗೆ ಗದ್ದೆಯ ಬದುವಿನ ಮೇಲೆ ನಡೆಯುವುದೂ ಗೊತ್ತಿರಲಿಲ್ಲ. ನಾಟಿಯ ದಿನಗಳಲ್ಲಿ ತಾಯಂದಿರನ್ನು ಹುಡುಕಿಕೊಂಡು ಹೋಗಿ ಲಸಿಕೆಯ ಡಬ್ಬಿಯೊಂದಿಗೆ ಕೆಸರಿಗೆ ಬಿದ್ದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಅವರು ನನ್ನ ಹತ್ತಿರ ಸಲೀಸಾಗಿ ಮಾತಾಡತೊಡಗಿದರು.

ಅವರಲ್ಲಿ ಮೂರು ಹೆಣ್ಣುಮಕ್ಕಳ ತಾಯಿಯೊಬ್ಬಳಿದ್ದಳು. ಗಂಡ ಮುಂಡಗೋಡದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಒಂದು ದಿನ ಕೂಸಿನ ತೂಕ ನೋಡುತ್ತಿದ್ದಾಗ ಮೆಲ್ಲಗೆ ಹೇಳಿದಳು, "ಸಿಸ್ಟರ, ನನಗ ಆಪರೇಷನ್ ಆಗಬೇಕ್ರಿ. ನಮ್ಮವ್ರು ಸಹಿ ಮಾಡವಲ್ರು."

"ಬ್ಯಾಡ ಅಂತಾರೇನು?"

"ಬ್ಯಾಡ ಅನ್ನಂಗಿಲ್ರಿ. ಅವ್ವನ್ನ ಕೇಳಿ ಹೇಳ್ತೇನಿ ಅಂತಾರ. ಆರು ತಿಂಗಳಾತು, ಇನ್ನೂ ಕೇಳಾಕತ್ತಾರ."

ಅವಳ ಅತ್ತೆಗೆ ಮೊಮ್ಮಗ ಬೇಕಿತ್ತು. ಮಗನಿಗೆ ಅವ್ವನೆಂದರೆ ಹೆದರಿಕೆ. ನಾನು ಮಕ್ಕಳಾಗದಂತೆ ತಡೆಯುವ ಇಂಜೆಕ್ಷನ್, ಗುಳಿಗೆ, ಕಾಪರ್-ಟಿ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಮೂರೂ ಬಂಗಾರದಂಥಾ ಮಕ್ಕಳದಾರ್ರಿ. ನನಗ ಸಾಕು. ಆಪರೇಷನ್ನೇ ಆಗ್ಲಿ," ಎಂದಳು.

ಗಂಡನ ಸಹಿ ಬೇಕೇಬೇಕೆಂದು ನಾನೂ ನಂಬಿದ್ದೆ. ಎಲ್ಲರೂ ಹಾಗೇ ಹೇಳುತ್ತಿದ್ದರು. ಅವತ್ತು ಸಂಜೆ ಮನೆಯಲ್ಲಿ ಆಪರೇಷನ್ನಿನ ಅರ್ಜಿಯನ್ನು ಮೊದಲ ಸಲ ಅಕ್ಷರ ಬಿಡದೆ ಓದಿದೆ. ಅದರಲ್ಲಿ ಗಂಡನ ಹೆಸರು ಬರೆಯುವುದಕ್ಕೆ ಜಾಗವಿತ್ತು. ಅವನು ಸಹಿ ಮಾಡುವುದಕ್ಕೆ ಎಲ್ಲೂ ಜಾಗವಿರಲಿಲ್ಲ. ಇಷ್ಟು ದಿನ ಇದನ್ನು ಓದದೆ ಎಷ್ಟು ಜನರನ್ನು ವಾಪಸು ಕಳಿಸಿದೆನೋ ಎಂದು ನಾಚಿಕೆಯಾಯಿತು.

ಆಪರೇಷನ್ನಿನ ದಿನ ನಾನೇ ಜೊತೆಗೆ ಹೋದೆ. ಆಸ್ಪತ್ರೆಯ ಕ್ಲಾರ್ಕು ಅರ್ಜಿಯನ್ನು ನೋಡಿದವನೇ, "ಗಂಡನ್ನ ಕರಕೊಂಡ ಬರ್ರಿ," ಎಂದ.

ನಾನು ಹಾಳೆಯನ್ನು ಅವನ ಮುಂದೆ ಸರಿಸಿದೆ. "ಅವ್ರು ಎಲ್ಲಿ ಸಹಿ ಮಾಡಬೇಕು ತೋರಸ್ರಿ ಸರ್, ಈಗ ಕರಸ್ತೇನಿ."

ಅವನು ಹಾಳೆಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಅವಳು ಬೆರಳಿಟ್ಟು ತೋರಿಸಿದಳು, "ಇಲ್ಲಿ ನನ್ನ ಸಹಿ ಐತಿ ನೋಡ್ರಿ ಸರ್. ಏಳನೇತ್ತ ತನಕ ಕಲತೇನಿ, ಚಂದ ಮಾಡೇನಿ."

ಆ ಹೊತ್ತಿಗೆ ಬಂದ ಡಾಕ್ಟರ್ ಮೇಡಂ ಸಹಿಯನ್ನು ನೋಡಿ, "ಹೌದು, ಚಂದ ಐತಿ. ಆಕಿ ಒಪ್ಪಿದ್ರ ಸಾಕು, ಒಳಗ ಕಳಸ್ರಿ," ಎಂದರು.

ಬೆಳಿಗ್ಗೆಯೇ ಅವಳು ಗಂಡನಿಗೆ ಹೇಳಿ ಬಂದಿದ್ದಳು. ಮಧ್ಯಾಹ್ನ ಅವನು ಕೈಗೆ ಮೆತ್ತಿದ್ದ ಗ್ರೀಸನ್ನೂ ತೊಳೆಯದೆ, ಬಿಸ್ಕೀಟು ಪುಡಿಕೆ ಹಿಡಿದು ಓಡಿ ಬಂದ. ಎಲ್ಲ ಸುಸೂತ್ರವಾಯಿತೆಂದು ತಿಳಿದಮೇಲೆ ಉಸಿರುಬಿಟ್ಟು, "ಪಾಡಾತ್ ಬಿಡ್ರಿ. ಈಗ ಅವ್ವಗ ಏನ್ ಹೇಳ್ಲಿ?" ಎಂದ.

ಅವಳು ಮಲಗಿದಲ್ಲಿಂದಲೇ ಅಂದಳು, "ಇನ್ನೂ ಕೇಳಾಕತ್ತೇನಿ ಅಂತ ಹೇಳ್ರಿ."

ನಗಬೇಡ, ಹೊಲಿಗೆ ಎಳೆಯುತ್ತದೆ ಎಂದು ಅವಳಿಗೆ ಹೇಳಬೇಕಾದ ನಾನೇ ಗೋಡೆ ಹಿಡಿದು ನಕ್ಕೆ.

ಮನೆಗೆ ಬಂದಮೇಲೆ ಅವಳು ಭಾರ ಎತ್ತಬಾರದೆಂದು ಅವನೇ ನಳದಿಂದ ಕೊಡ ಹೊತ್ತ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಅತ್ತೆ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಆಕೆ ಒಬ್ಬಳೇ ಉಪಕೇಂದ್ರಕ್ಕೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡೇ ಆಕೆಗೆ ಕುರ್ಚಿ ಸರಿಸಿದೆ.

"ಕುಂದ್ರಾಕ ಆಗಂಗಿಲ್ಲ ಯವ್ವಾ," ಎಂದಳು. ಆಮೇಲೆ ಬಾಗಿಲು ಮುಂದೆ ಮಾಡಿ, ಸೆರಗನ್ನು ಬಾಯಿಗೆ ಹಿಡಿದು ಹೇಳಿದಳು. ಗರ್ಭಚೀಲ ಕೆಳಗೆ ಇಳಿದಿತ್ತು. ಈ ಮಗ ತೊಟ್ಟಿಲಲ್ಲಿದ್ದ ಕಾಲದಿಂದಲೂ ಅನುಭವಿಸುತ್ತ ಬಂದಿದ್ದಳು. ತೀರಿಹೋದ ಗಂಡನಿಗೂ ಹೇಳಿರಲಿಲ್ಲ.

"ನನ್ನ ಕಾಲಕ್ಕ ಯಾರನ್ನ ಕೇಳೂದಿತ್ತು? ನೀ ನನ್ನ ಸೊಸಿ ಜೋಡಿ ಹೋಗಿ ನಿಂತಿದ್ದೆಂತ. ನನ್ನ ಜೋಡಿ ಬರ್ತಿಯೇನು?"

ಅಷ್ಟು ದಿನ ನಾನು ಆಕೆಯನ್ನು ಕೆಟ್ಟವಳೆಂದು ತಿಳಿದಿದ್ದೆ. "ಬರ್ತೇನ್ರಿ ಯಮ್ಮಾ," ಎಂದೆ.

ಮಗ, ನಾನು, ಆಕೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರು ಗರ್ಭಚೀಲ ಜಾರದಂತೆ ಒಳಗೆ ರಿಂಗ್ ಇಡಬಹುದು ಇಲ್ಲವೆ ಆಪರೇಷನ್ ಮಾಡಬಹುದು ಎಂದು ಮಗನಿಗೆ ವಿವರಿಸತೊಡಗಿದರು. ಮುದುಕಿ ನಡುವೆ ಬಾಯಿ ಹಾಕಿದಳು, "ಅವನ್ನ ಯಾಕ ಕೇಳ್ತೀರಿ? ಇಳದದ್ದು ನಂದು. ನನಗ ಹೇಳ್ರಿ." ಡಾಕ್ಟರು ಕುರ್ಚಿಯನ್ನು ಆಕೆಯತ್ತ ತಿರುಗಿಸಿ ಮೊದಲಿನಿಂದ ಹೇಳಿದರು. ಆಕೆ ಎರಡು ಸಲ ಕೇಳಿ ಆಪರೇಷನ್ ಆರಿಸಿಕೊಂಡಳು. ಮಗ ಬದುಕಿದೆನೆಂಬಂತೆ ಹೊರಗೆ ಹೋಗಿ ಚಹಾ ಕುಡಿದ. ಆಪರೇಷನ್ ಮುಗಿಸಿಕೊಂಡು ವಾಪಸು ಬಂದಮೇಲೆ ಬಾಣಂತಿಗೆ ಮಾಡುವ ಹಾಗೆ ಸೊಸೆ ಆಕೆಯ ಆರೈಕೆ ಮಾಡಿದಳು. ಬಿಸಿನೀರು ಸಾಲದೆಂದು ಬೈಸಿಕೊಂಡಳು, ತಿರುಗಿ ತಾನೂ ಬೈದಳು.

ಕೆಲವು ತಿಂಗಳ ಮೇಲೆ ಮುಂಡಗೋಡದ ಸಂತೆಯಲ್ಲಿ ಉಳ್ಳಾಗಡ್ಡಿ ರಾಶಿಯ ಆಚೆಯಿಂದ ಕೂಗು ಬಂತು, "ಸಿಸ್ಟರ, ಈಗ ಕುಂದ್ರಾಕ ಬರ್ತೈತಿ!" ನೋಡಿದರೆ ಅದೇ ಮುದುಕಿ. ಕೂಗಿದ್ದು ಸಾಲದೆಂದು ವ್ಯಾಪಾರಿಯ ಚೀಲದ ಮೇಲೆ ಕೂತು ತೋರಿಸಿದಳು. ಅವನು ಕಣ್ಣು ಕಣ್ಣು ಬಿಟ್ಟ. ನಾನು ಈಚೆಯಿಂದ ಎರಡೂ ಕೈ ಎತ್ತಿ ಮುಗಿದೆ.

ಮುಂದಿನ ವಾರ ಆಕೆ ತನ್ನ ವಯಸ್ಸಿನ ಇಬ್ಬರನ್ನು ರಟ್ಟೆ ಹಿಡಿದು ಉಪಕೇಂದ್ರಕ್ಕೆ ಕರೆತಂದಳು. "ಇವ್ರಿಗೂ ಐತಂತ. ಬಾಯಿ ಬಿಡಾಕ ನಾಚಿಕಿ. ನಾ ಹೇಳ್ತೇನಿ, ನೀ ಬರಕೋ." ಒಬ್ಬಾಕೆ, "ಏ, ಮೆಲ್ಲಕ ಮಾತಾಡ," ಎಂದು ಆಕೆಯನ್ನು ಚಿವುಟಿದಳು. ಇನ್ನೊಬ್ಬಾಕೆ ನಗುತ್ತಲೇ ಮುಂದೆ ಬಂದು, "ಮೊದಲ ನಂದು ಬರಕೋರಿ," ಎಂದಳು.