ಯಾಕೂಬನ ಮೈ ಒರೆಸಿದ ದಿನ

ಮಜ್ಜಿಗೆಗೆ ಅರಿಸಿನ ಬಿದ್ದರೆ ಸಾಕು, ಇವತ್ತಿಗೂ ನನಗೆ ನಿಂಬರ್ಗಾದ ನಮ್ಮ ಹಿತ್ತಲಿನ ಗರಡಿಯ ವಾಸನೆ ಬರುತ್ತದೆ. ಆ ಮನೆಯೂ ಇಲ್ಲ, ಗರಡಿಯೂ ಇಲ್ಲ. ನಿಮಗೂ ಇಂಥದೊಂದು ಹಿತ್ತಲು ಕಳೆದುಹೋಗಿದ್ದರೆ ನನ್ನ ಸಂಕಟ ತಿಳಿದೀತು. ಕುಸ್ತಿಯ ಕೆಮ್ಮಣ್ಣಿಗೆ ಮಜ್ಜಿಗೆ, ಅರಿಸಿನ, ಎಳ್ಳೆಣ್ಣೆ ಬೆರೆಸಿ ಹದ ಮಾಡುತ್ತಿದ್ದವನು ಯಾಕೂಬ. ಅವನ ಮುತ್ತಜ್ಜನನ್ನು ಆಫ್ರಿಕಾದಿಂದ ನಿಜಾಮನ ಕುದುರೆ ಪಡೆಗೆ ತಂದಿದ್ದರಂತೆ; ಊರವರು ಹಬಶಿ ಎನ್ನುತ್ತಿದ್ದರು. ತಾಯಿತಂದೆ ಹೋದ ಮೇಲೆ ಅವನು ನಮ್ಮ ಮನೆಯಲ್ಲೇ ಬೆಳೆದ, ನನ್ನಪ್ಪನೇ ಅವನಿಗೆ ಕುಸ್ತಿ ಕಲಿಸಿದ ವಸ್ತಾದ. ಇಪ್ಪತ್ತರ ಹರೆಯ. ಅವನು ಹಿಡಿದ ಪಟ್ಟು ಬಿಡಿಸಿಕೊಳ್ಳುವ ಗಂಡು ಸುತ್ತ ಹತ್ತೂರಿನಲ್ಲಿ ಇರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ ಅದು. ನಿಜಾಮನ ಕೈಕೆಳಗಿದ್ದ ನಮ್ಮ ಸೀಮೆಗೆ ಇನ್ನೂ ಬಂದಿರಲಿಲ್ಲ. ಅವನ ಕಡೆಯ ಬಂದೂಕಿನವರ ಭಯಕ್ಕೆ ಜನ ಹಗಲೇ ಬಾಗಿಲು ಹಾಕುತ್ತಿದ್ದರು. ಅಂಥದರಲ್ಲೂ ಕರಜಗಿಯಲ್ಲಿ ಕುಸ್ತಿ ಇಟ್ಟಿದ್ದರು. ಗೆದ್ದವನನ್ನು ಹೈದರಾಬಾದಿನ ದೊಡ್ಡ ಕಣಕ್ಕೆ ಕಳಿಸುವುದೆಂದು ಮಾತಾಗಿತ್ತು. ಯಾಕೂಬ ಅದೊಂದಕ್ಕಾಗಿ ಎರಡು ವರ್ಷ ಬೆವರು ಸುರಿಸಿದ್ದ. ಒಂಬತ್ತು ವರ್ಷದ ನಾನು ಅತ್ತು ಕರೆದು ಅಪ್ಪ, ಯಾಕೂಬ ಹೊರಟಿದ್ದ ಗಾಡಿ ಹತ್ತಿದೆ.

ಮೈಗೆ ಎಣ್ಣೆ ಹಚ್ಚಿದವನು ಜಾರಿ ತಪ್ಪಿಸಿಕೊಳ್ಳುತ್ತಾನೆಂದು, ಕಣಕ್ಕಿಳಿಯುವ ಮೊದಲು ಪಂಚರು ಬಿಳಿ ವಸ್ತ್ರದಿಂದ ಒಮ್ಮೆ ಮೈ ಒರೆಸಿ ನೋಡುವುದು ಪದ್ಧತಿ. ಎದುರಾಳಿಯನ್ನು ಒರೆಸಿದರು, ಆಯಿತು. ಯಾಕೂಬನನ್ನು ಒರೆಸಿದರು, ವಸ್ತ್ರ ಬೆಳ್ಳಗೇ ಇತ್ತು. “ಹೆಂಗ್ ಮಿಂಚಾಕತ್ತಾನ ನೋಡ್ರಿ. ಎಣ್ಣಿ ಇಲ್ದ ಹಿಂಗ ಮಿಂಚ್ತದೇನು?” ಎಂದ ಹಿರಿಯ ಪಂಚ. ಮತ್ತೆ ಒರೆಸಿದರು, ಮತ್ತೂ ಒರೆಸಿದರು, ಐದು ಸಲವಾಯಿತು. “ಇನ್ನಾ ತಿಕ್ರಿ, ಬಣ್ಣ ಬಿಡ್ತದ” ಎಂದು ಯಾರೋ ಕೂಗಿದ, ಜನ ನಕ್ಕರು. ನಾನು ಗಾಡಿಯಲ್ಲೇ ಎದ್ದು ನಿಂತು ನೋಡಿದೆ. ಯಾಕೂಬ ಅಪ್ಪನನ್ನೇ ನೋಡುತ್ತಿದ್ದ. ಸಾಕು ಬಿಡ್ರಿ ಎಂದು ಅಪ್ಪ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಹತ್ತಿರ ಹೋಗಿ, “ಇನ್ನೊಮ್ಮಿ ಒರಸಲಿ ಬಿಡೋ ತಮ್ಮಾ, ನಿಂದೇನ್ ಹೋಗ್ತದ?” ಅಂದ. ಹೇಳಲು ಈಗಲೂ ನನಗೆ ನಾಚಿಕೆ.

“ನಂದ ಹೋಗ್ತದ್ರಿ ವಸ್ತಾದ,” ಎಂದ ಯಾಕೂಬ. “ಐದ್ ಸಲ ಆತು. ಅವಂಗೂ ಐದ್ ಸಲ ಒರಸ್ರಿ, ಆಮ್ಯಾಲ ನನಗ ಆರನೇದು.” ಪಂಚ ಮುಖ ತಿರುವಿದ. ಯಾಕೂಬ ಆ ವಸ್ತ್ರ ಇಸಿದುಕೊಂಡು, ನಾಲ್ಕೂ ದಿಕ್ಕಿಗೆ ಬಿಚ್ಚಿ ತೋರಿಸಿ, ಮಡಚಿ ಪಂಚನ ಕೈಗೇ ಕೊಟ್ಟ. ಕಣದ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಹೊರಬಂದ. ಎದುರಾಳಿ ಕುಸ್ತಿ ಹಿಡಿಯದೆಯೇ ಗೆದ್ದ.

ಸೀದಾ ಗಾಡಿಯ ಬಳಿ ಬಂದವನು ಏನೂ ಆಗದವನಂತೆ, “ಇಳಿ ಅವ್ವಿ, ಕಬ್ಬು ಕೊಡಸ್ತೇನಿ” ಎಂದು ತೋಳು ಚಾಚಿದ. ಹಿಡಿದು ಇಳಿದೆ. ತೋಳು ಬೆವರಿತ್ತು. ನೆಲಕ್ಕೆ ಕಾಲಿಟ್ಟವಳು, ಯಾಕೋ, ಅಂಗೈ ತಿರುವಿ ನೋಡಿಕೊಂಡೆ.

ಅವನು ನೋಡಿಬಿಟ್ಟ. “ಬಣ್ಣ ಹತ್ತಿಲ್ಲಲಾ, ಅವ್ವಿ?” ಎಂದ, ಮೆಲ್ಲಗೆ. ಕಬ್ಬು ತಂದು ನನ್ನ ಕೈಗಿಟ್ಟು, ನಮ್ಮೂರಿನ ದಾರಿ ಬಿಟ್ಟು ಜೇವರ್ಗಿಯ ಕಡೆ ನಡೆದುಹೋದ. ಆ ವರ್ಷ ಹೋದ ಎಷ್ಟೋ ಜನ ತಿರುಗಿ ಬರಲಿಲ್ಲ, ಅವನೂ ಬರಲಿಲ್ಲ. ಅವ್ವ ಸಾಯುವತನಕ ಪಂಚರನ್ನು ಬೈದಳು, ಅಪ್ಪನನ್ನೂ ಬೈದಳು. ನಾನು ಬಾಯಿ ಬಿಡಲಿಲ್ಲ. ಕಣ ಬಿಟ್ಟ ಮೇಲೂ ಅವನು ನಮ್ಮ ಗಾಡಿಯತನಕ ಬಂದಿದ್ದನಲ್ಲ. ಅಲ್ಲಿಂದ ಅವನನ್ನು ಕಳಿಸಿದವಳು ನಾನು.